ಪುಸ್ತಕಕ್ಕೆ ಚಿತ್ರ ಬಿಡಿಸುತ್ತ ಚಿತ್ರಕಲೆ ಕಲಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಶಾಲೆ, ಕಾಲೇಜಿನಲ್ಲೋ ಮನೆಯಲ್ಲೋ ಚಿತ್ರಕಲೆ ಕಲಿಸುತ್ತ, ಉಳಿದ ಹೊತ್ತಿನಲ್ಲಿ ಮಕ್ಕಳ ಪುಸ್ತಕ, ಪತ್ರಿಕೆ, ಮುಖಪುಟಗಳಿಗೆ ಚಿತ್ರ ಬಿಡಿಸುವವರು ಕೇಳುವ ಪ್ರಶ್ನೆಗಳಿವು. ಅವರ ವಿದ್ಯಾರ್ಥಿಗಳು ಕೇಳುವ ಕೆಲವು ಪ್ರಶ್ನೆಗಳೂ ಸೇರಿವೆ.

ಕ್ಲಾಸು ಮುಗಿಸಿ ಬಂದ ಮೇಲೆ ಸ್ವಂತ ಕೆಲಸಕ್ಕೆ ಕೈ ಓಡುವುದಿಲ್ಲ. ಏನು ಮಾಡಬೇಕು?

ಕೆಲಸವನ್ನು ಎರಡು ಪಾಲು ಮಾಡಿ. ತೀರ್ಮಾನ ಬೇಡುವ ಕೆಲಸ ಒಂದು: ಪುಟದ ಸಂಯೋಜನೆ, ಬಣ್ಣದ ಆಯ್ಕೆ, ಪಾತ್ರದ ಮುಖ. ಕೈಯ ಅಭ್ಯಾಸದಲ್ಲೇ ಸಾಗುವ ಕೆಲಸ ಇನ್ನೊಂದು: ಮುಗಿದ ಪೆನ್ಸಿಲ್ ಮೇಲೆ ಇಂಕ್ ಮಾಡುವುದು, ಸ್ಕ್ಯಾನ್ ಶುಚಿ ಮಾಡುವುದು, ಕಾಗದ ಕತ್ತರಿಸಿ ಬೋರ್ಡಿಗೆ ಅಂಟಿಸುವುದು. ಮೊದಲನೆಯದು ಬೆಳಿಗ್ಗೆ, ಕ್ಲಾಸಿಗೆ ಹೋಗುವ ಮುನ್ನ. ಎರಡನೆಯದು ಸಂಜೆ. ಇಡೀ ದಿನ ಮೂವತ್ತು ಜನರ ಚಿತ್ರ ನೋಡಿ ಸಲಹೆ ಕೊಟ್ಟ ಕಣ್ಣು ಸಂಜೆ ತನ್ನ ಚಿತ್ರದ ತಪ್ಪನ್ನು ಹಿಡಿಯುವುದಿಲ್ಲ. ರಾತ್ರಿ ಚೆಂದ ಕಂಡ ಸಂಯೋಜನೆ ಬೆಳಿಗ್ಗೆ ಕೆಟ್ಟದಾಗಿ ಕಾಣುವುದು ಇದಕ್ಕೇ.

ಕ್ಲಾಸಿನಲ್ಲಿ ಪ್ರಕಾಶಕರ ಕೆಲಸ ಮಾಡಬೇಡಿ. ಮಾಡಿದರೆ ಎರಡೂ ಕೆಡುತ್ತವೆ, ಮೇಷ್ಟ್ರ ಗಮನ ತಮ್ಮ ಮೇಲಿಲ್ಲ ಅಂತ ಹುಡುಗರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ಅವರು ಬಿಡಿಸುವ ವಸ್ತುವನ್ನೇ ನೀವೂ ಮೊದಲ ಹತ್ತು ನಿಮಿಷ ನಿಮ್ಮ ಸ್ಕೆಚ್‌ಬುಕ್ಕಿನಲ್ಲಿ ಬಿಡಿಸಿ, ಆಮೇಲೆ ಎದ್ದು ಓಡಾಡಿ. ಆ ಕೋನದಲ್ಲಿ ಕಷ್ಟ ಎಲ್ಲಿದೆ ಎಂಬುದು ನಿಮಗೆ ಆಗಲೇ ತಿಳಿದಿರುತ್ತದೆ.

ಬೇಸಿಗೆಯಲ್ಲಿ ಜಲವರ್ಣದ ವಾಶ್ (ದೊಡ್ಡ ಜಾಗಕ್ಕೆ ಹಚ್ಚುವ ತೆಳು ಬಣ್ಣದ ಪದರ) ಪಟ್ಟೆ ಪಟ್ಟೆಯಾಗುತ್ತದೆ. ಬಣ್ಣದ್ದು ತಪ್ಪಾ, ಕೈಯದ್ದಾ?

ಹವೆಯದು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವುದು ಮಾಮೂಲು, ಗಾಳಿಯೂ ಒಣ. ಬ್ರಷ್ ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲಿನ ಅಂಚು ಒಣಗಿರುತ್ತದೆ. ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಬಿದ್ದರೆ ಅಲ್ಲಿ ಎರಡು ಪದರ ಕೂರುತ್ತದೆ. ಕಣ್ಣಿಗೆ ಕಾಣುವ ಪಟ್ಟೆ ಅದೇ.

ಮಾಡಬೇಕಾದದ್ದು: 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಹತ್ತಿ ಕಾಗದವನ್ನು ಸ್ಪಂಜಿನಿಂದ ಎರಡೂ ಬದಿ ಒದ್ದೆ ಮಾಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಒದ್ದೆ ಮಾಡಿ ಅಕ್ರಿಲಿಕ್ ಹಾಳೆ ಅಥವಾ ಗಾಜಿನ ಮೇಲೆ ಹಾಸಿ. ಕೆಳಗಡೆಯಿಂದ ಆವಿ ಹೋಗಲು ದಾರಿ ಇಲ್ಲದ್ದರಿಂದ ಕಾಗದ ಬಹಳ ಹೊತ್ತು ಹಸಿಯಾಗಿ ಉಳಿಯುತ್ತದೆ. ಮೇಲಿನ ಹೊಳಪು ಹೋಗಿ ಬರೀ ತಂಪು ಉಳಿದಾಗ ಬಣ್ಣ ಹಚ್ಚಿ. ಬಣ್ಣವನ್ನು ಬೇಕಾದದ್ದರ ಎರಡರಷ್ಟು ಮೊದಲೇ ಕಲಸಿಟ್ಟುಕೊಳ್ಳಿ. ಆಕಾಶದ ಅರ್ಧಕ್ಕೆ ಬಣ್ಣ ಮುಗಿದು ಮತ್ತೆ ಕಲಸುವಷ್ಟರಲ್ಲಿ ಆಟ ಮುಗಿದಿರುತ್ತದೆ. ಬೋರ್ಡಿನ ತಲೆಯ ಕಡೆ ಒಂದು ದಪ್ಪ ಪುಸ್ತಕ ಇಟ್ಟು 15 ಡಿಗ್ರಿಯಷ್ಟು ಓರೆ ಮಾಡಿ. ಬಣ್ಣದ ಹನಿ ಅಂಚಿನಲ್ಲಿ ನಿಂತು ಮುಂದಿನ ಸಾಲಿಗಾಗಿ ಕಾಯುತ್ತದೆ.

ಗ್ಲಿಸರಿನ್ ಹಾಕಬಹುದು, 100 ಮಿಲಿ ನೀರಿಗೆ ಎರಡು ಮೂರು ಹನಿ ಸಾಕು. ಹೆಚ್ಚಾದರೆ ಚಿತ್ರ ಪೂರ್ತಿ ಒಣಗುವುದೇ ಇಲ್ಲ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಮೇಲಿನ ಹಾಳೆಗೆ ಅಂಟುತ್ತದೆ. ಫ್ಯಾನ್ ನಿಲ್ಲಿಸಿ. ಏರ್ ಕೂಲರ್ ಇದ್ದರೆ ಕೋಣೆಯಲ್ಲಿ ತೇವ ಹೆಚ್ಚಿ ಒಳ್ಳೆಯದೇ ಆಗುತ್ತದೆ, ಗಾಳಿ ಮಾತ್ರ ನೇರ ಮೇಜಿನ ಮೇಲೆ ಬೀಸದಂತೆ ತಿರುಗಿಸಿ.

ಹೂಕೋಸಿನ ಆಕಾರದ ಕಲೆ ಬೇರೆ ಕಾಯಿಲೆ. ಅರ್ಧ ಒಣಗಿದ ವಾಶ್‌ಗೆ ಅದಕ್ಕಿಂತ ಹೆಚ್ಚು ನೀರಿರುವ ಬ್ರಷ್ ಮುಟ್ಟಿಸಿದಾಗ ಆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ. ಒಂದೋ ಪೂರ್ತಿ ಹಸಿ ಇರುವಾಗ ಮುಟ್ಟಿ, ಇಲ್ಲ ಪೂರ್ತಿ ಒಣಗುವವರೆಗೆ ಕಾಯಿರಿ. ನಡುವಿನ ಹೊತ್ತಿನಲ್ಲಿ ಕೈ ಕಟ್ಟಿ ಕೂರುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದೇ ಕಷ್ಟ.

ಬೋರ್‌ವೆಲ್ ನೀರು ಬಳಸಬೇಡಿ. ಉಪ್ಪಿನಂಶ ಹೆಚ್ಚಿರುವ ನೀರು ಒಣಗಿದ ಮೇಲೆ ತೆಳು ವಾಶ್‌ನಲ್ಲಿ ಮಬ್ಬು ಚುಕ್ಕೆ ಬಿಡುತ್ತದೆ. ಕುಡಿಯುವ ಫಿಲ್ಟರ್ ನೀರೇ ಸಾಕು. ಎರಡು ಡಬ್ಬಿ ಇಡಿ, ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು.

ಯಾವ ಕಾಗದ ಕೊಳ್ಳಬೇಕು? ವಿದ್ಯಾರ್ಥಿಗಳಿಗೆ ದುಬಾರಿ ಕಾಗದ ಕೊಡಿಸಬೇಕೇ?

ಅಭ್ಯಾಸಕ್ಕೆ 130ರಿಂದ 150 ಜಿಎಸ್‌ಎಂ ಕಾರ್ಟ್ರಿಜ್ ಶೀಟ್ (ಸಾಮಾನ್ಯ ಡ್ರಾಯಿಂಗ್ ಹಾಳೆ), ಪೆನ್ಸಿಲ್ ಮತ್ತು ಇದ್ದಿಲಿಗೆ ಅದಕ್ಕಿಂತ ಬೇರೆ ಬೇಡ. ಜಲವರ್ಣ ಕಲಿಸುವಾಗ ಮಾತ್ರ ಜಿಪುಣತನ ಬೇಡ. ತೆಳು ಕಾಗದ ಒದ್ದೆಯಾದ ಕೂಡಲೇ ಅಲೆ ಅಲೆಯಾಗಿ ಏಳುತ್ತದೆ, ಬಣ್ಣ ಹಳ್ಳಕ್ಕೆ ಓಡುತ್ತದೆ, ಹುಡುಗ ತನಗೆ ಜಲವರ್ಣ ಬರುವುದಿಲ್ಲ ಅಂದುಕೊಳ್ಳುತ್ತಾನೆ. 22×30 ಇಂಚಿನ ಒಂದು ಫುಲ್ ಇಂಪೀರಿಯಲ್ ಹತ್ತಿ ಕಾಗದವನ್ನು ಎಂಟು ತುಂಡು ಮಾಡಿ. ಒಂದೊಂದು 11×7.5 ಇಂಚು ಬರುತ್ತದೆ. ತಿಂಗಳಿಗೆ ಒಬ್ಬರಿಗೆ ಎರಡು ತುಂಡು ಸಿಕ್ಕರೂ ಅಗ್ಗದ ಪ್ಯಾಡಿನ ಇಪ್ಪತ್ತು ಹಾಳೆಗಿಂತ ಹೆಚ್ಚು ಕಲಿಯುತ್ತಾರೆ.

ಹಳೆಯ ಕಾಗದದಲ್ಲಿ ಬಣ್ಣ ಅಲ್ಲಲ್ಲಿ ಒತ್ತುಕಾಗದಕ್ಕೆ ಇಳಿದಂತೆ ಇಳಿದರೆ ಮೇಲಿನ ಸೈಜಿಂಗ್ (ನೀರು ಕೂಡಲೇ ಹೀರದಂತೆ ಹಚ್ಚಿದ ಅಂಟು) ಹಾಳಾಗಿದೆ ಎಂದರ್ಥ. ಮಳೆಗಾಲದ ತೇವದಲ್ಲಿ ಬಿಚ್ಚಿಟ್ಟ ಕಾಗದಕ್ಕೆ ಹೀಗಾಗುತ್ತದೆ. ಅದನ್ನು ಸರಿ ಮಾಡಲಾಗದು, ಪೆನ್ಸಿಲ್ ಕೆಲಸಕ್ಕೆ ಬಳಸಿ. ಹೊಸ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಗೋಡೆಗೆ ತಾಗದಂತೆ, ಮಲಗಿಸಿ ಇಡಿ.

ಡಿಪ್ ನಿಬ್‌ನಲ್ಲಿ ಇಂಕ್ ಹಿಡಿಯುವುದಿಲ್ಲ, ಹಿಡಿದರೆ ಒಮ್ಮೆಲೇ ಸುರಿಯುತ್ತದೆ. ಯಾಕೆ?

ಹೊಸ ನಿಬ್‌ಗೆ ತುಕ್ಕು ಹಿಡಿಯದಿರಲೆಂದು ತೆಳು ಎಣ್ಣೆಯ ಪದರ ಹಚ್ಚಿರುತ್ತಾರೆ. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಒಂದಿಷ್ಟು ಟೂತ್‌ಪೇಸ್ಟ್ ಹಾಕಿ ಉಜ್ಜಿ, ತೊಳೆದು, ಬಟ್ಟೆಯಲ್ಲಿ ಒರೆಸಿ. ಇಂಕ್ ನಿಬ್‌ನ ಮೇಲೆ ಮುತ್ತಿನಂತೆ ಗುಂಡಾಗದೆ ಸಮವಾಗಿ ಹರಡಿದರೆ ಆಯಿತು. ಅದ್ದುವಾಗ ನಡುವಿನ ತೂತಿನ ತನಕ ಮಾತ್ರ ಅದ್ದಿ, ಶೀಶೆಯ ಬಾಯಿಗೆ ಒಮ್ಮೆ ಮುಟ್ಟಿಸಿ ಹೆಚ್ಚಿನದನ್ನು ಬಿಡಿ.

ಬೇಸಿಗೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನಿಬ್ ತೊಳೆಯಿರಿ. ಶೀಶೆಯಲ್ಲಿ ಇಂಕ್ ಗಟ್ಟಿಯಾಗಿದ್ದರೆ ನೇರ ಶೀಶೆಗೆ ನೀರು ಹಾಕದೆ ಚಿಕ್ಕ ಮುಚ್ಚಳದಲ್ಲಿ ಸ್ವಲ್ಪ ತೆಗೆದುಕೊಂಡು ಡಿಸ್ಟಿಲ್ಡ್ ವಾಟರ್ ಒಂದೆರಡು ಹನಿ ಸೇರಿಸಿ. ವಾಟರ್‌ಪ್ರೂಫ್ ಇಂಕನ್ನು ಫೌಂಟನ್ ಪೆನ್ನಿಗೆ ಯಾವತ್ತೂ ತುಂಬಬೇಡಿ. ಅಂಥ ಇಂಕಿನಲ್ಲಿ ಹೆಚ್ಚಾಗಿ ಇರುವ ಅರಗಿನ ಅಂಶ ಒಳಗೆ ಒಣಗಿದರೆ ಪೆನ್ನು ಹೋದಂತೆಯೇ. ಕಾರ್ಟ್ರಿಜ್ ಶೀಟಿನಲ್ಲಿ ಗೆರೆಯ ಅಂಚು ಹರಡಿದರೆ ಐವರಿ ಕಾರ್ಡ್ ಅಥವಾ ಬ್ರಿಸ್ಟಲ್‌ನಂಥ ನುಣುಪು ಕಾಗದಕ್ಕೆ ಬದಲಾಯಿಸಿ.

ಹೊರಗೆ ಕೂತು ಸ್ಕೆಚ್ ಮಾಡಲು ಎಲ್ಲಿ ಹೋಗಬೇಕು? ಎಲ್ಲರೂ ಹಂಪಿಗೇ ಹೋಗುತ್ತಾರೆ.

ಹಂಪಿ ನೋಡಲೇಬೇಕು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರೂ ನಮ್ಮೆಲ್ಲರಿಗೂ ಹತ್ತಿರವೇ. ಇಲಸ್ಟ್ರೇಟರ್, ಅಂದರೆ ಪುಸ್ತಕಕ್ಕೆ ಚಿತ್ರ ಬಿಡಿಸುವವರು, ಅಲ್ಲಿ ಮೊದಲು ನೋಡಬೇಕಾದ್ದು ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ. ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ. ಮುಖ ಬದಿಯಿಂದ, ನಡೆಯುವ ಜನ ಸಾಲಾಗಿ, ಹಿನ್ನೆಲೆ ಬರೀ ಬಣ್ಣ. ಒಂದು ಉದ್ದನೆ ಪಟ್ಟಿಯಲ್ಲಿ ಕಥೆ ಎಡದಿಂದ ಬಲಕ್ಕೆ ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಹೊಳೆಯಾಚೆ ಆನೆಗೊಂದಿಯ ಹುಚ್ಚಪ್ಪಯ್ಯನ ಮಠದಲ್ಲೂ ಚಾವಣಿ ಚಿತ್ರಗಳಿವೆ, ಜನಸಂದಣಿ ಕಡಿಮೆ.

ರಾಯಚೂರಿನವರು ಕೋಟೆಗೆ ಹೋಗಿ. 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಒಂದು ಕಲ್ಲು ಅಲ್ಲಿನ ಗೋಡೆಯಲ್ಲಿದೆ. ಆ ಬಂಡೆಯನ್ನು ಗಾಡಿಯ ಮೇಲೆ ಹೇರಿ ತಂದದ್ದನ್ನು ಅಲ್ಲೇ ಗೆರೆಯಲ್ಲಿ ಕೊರೆದು ತೋರಿಸಿದ್ದಾರೆ. ಎಳೆಯುವ ಕೋಣಗಳ ಸಾಲು, ಹುರಿದುಂಬಿಸುವ ಜನ, ಹಿಂದಿನಿಂದ ಸನ್ನೆಕೋಲು ಹಾಕಿ ಚಕ್ರ ನೂಕುವವರು. ಒಂದು ಕೆಲಸ ಹೇಗೆ ನಡೆಯಿತು ಎಂದು ಗೆರೆಯಲ್ಲೇ ವಿವರಿಸುವ ಚಿತ್ರ ಅದು, ಅಂದರೆ ಇವತ್ತು ನಾವು ಪಠ್ಯಪುಸ್ತಕಕ್ಕೆ ಮಾಡುವ ಕೆಲಸವೇ. ಕ್ಲಾಸನ್ನು ಅದರ ಮುಂದೆ ನಿಲ್ಲಿಸಿ, ಪ್ರತಿಯೊಬ್ಬರೂ ನಕಲು ಮಾಡಲಿ. ಆಮೇಲೆ ತಮ್ಮ ಓಣಿಯ ಒಂದು ಕೆಲಸವನ್ನು, ಬೋರ್‌ವೆಲ್ ಕೊರೆಯುವುದನ್ನೋ ಹತ್ತಿ ಲಾರಿ ತುಂಬುವುದನ್ನೋ, ಅಷ್ಟೇ ಕಡಿಮೆ ಗೆರೆಯಲ್ಲಿ ಬಿಡಿಸಲಿ.

ಕೊಪ್ಪಳದ ಕಡೆ ಇಟಗಿಯ ಮಹಾದೇವ ದೇವಾಲಯ, 1112ರದ್ದು. ಬಳಪದ ಕಲ್ಲಿನ ಸಣ್ಣ ಕೆತ್ತನೆ ಬೆಳಿಗ್ಗೆ ಒಂಬತ್ತರೊಳಗೆ ಓರೆ ಬಿಸಿಲಿನಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ. ಹತ್ತೂವರೆಯಾದ ಮೇಲೆ ಬೆಳಕು ಮೇಲಿನಿಂದ ಬೀಳುತ್ತದೆ, ನೆರಳು ಬಿಡಿಸುವ ಪಾಠಕ್ಕೆ ಆಗ ಪ್ರಯೋಜನವಿಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನ ಶಿಲಾಸಮಾಧಿಗಳಿಗೆ ಬೆಟ್ಟ ಹತ್ತಬೇಕು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಕಡ್ಡಾಯ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಈಸೆಲ್, ಟ್ರೈಪಾಡ್ ಇಡುವ ಮುನ್ನ ಅಲ್ಲಿಯ ಸಿಬ್ಬಂದಿಯನ್ನು ಕೇಳಿ.

ಸ್ಮಾರಕಕ್ಕಿಂತ ಸಂತೆ ಹೆಚ್ಚು ಕಲಿಸುತ್ತದೆ. ಕಲ್ಲು ಕಾಯುತ್ತದೆ, ಜನ ಕಾಯುವುದಿಲ್ಲ. ಗಂಗಾವತಿಯ ಭತ್ತದ ಗಿರಣಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳು, ಬಸ್‌ಸ್ಟ್ಯಾಂಡಿನ ಒಗ್ಗರಣೆ ಮಿರ್ಚಿ ಅಂಗಡಿ, ಯಾವುದಾದರೂ ಸರಿ. ಬಿಡಿಸುವ ಮುನ್ನ ಒಂದು ಮಾತು ಕೇಳಿ, ‘ಯಕ್ಕಾ, ಇಲ್ಲೇ ಕುಂತು ಚಿತ್ರ ಬಿಡಿಸ್ತೀವಿ’ ಅಂದರೆ ಬೇಡ ಅನ್ನುವವರು ಕಡಿಮೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಾದರೆ ತೇರು ಎಳೆಯುವ ಮೊದಲೇ ತೇರಿನ ಅಳತೆ, ಆಕಾರ ಮುಗಿಸಿಕೊಳ್ಳಿ. ಎಳೆಯಲು ಶುರುವಾದ ಮೇಲೆ ಜನರ ಗುಂಪಿನ ಹೊರರೇಖೆ ಮಾತ್ರ.

ಫೋಟೋ ನೋಡಿ ಬಿಡಿಸುವುದು ತಪ್ಪೇ?

ನೀವೇ ತೆಗೆದ ಫೋಟೋ ಆದರೆ ತಪ್ಪಲ್ಲ. ಇಂಟರ್‌ನೆಟ್ಟಿನಿಂದ ಎತ್ತಿದ ಫೋಟೋ ಎರಡು ರೀತಿ ತೊಂದರೆ. ಅದು ಇನ್ನೊಬ್ಬರ ಸ್ವತ್ತು. ಮತ್ತೆ ಅದರಲ್ಲಿ ಇರುವುದು ನಮ್ಮ ಊರಲ್ಲ. ‘ಹಳ್ಳಿ ಹೆಂಗಸು’ ಅಂತ ಹುಡುಕಿದರೆ ಬರುವ ಚಿತ್ರದ ಸೀರೆ ಉಟ್ಟ ಬಗೆ, ಕೊಡ ಹೊತ್ತ ಬಗೆ, ಮನೆಯ ಮಾಡು, ಎಲ್ಲವೂ ಬೇರೆ ಸೀಮೆಯವು. ರಾಯಚೂರಿನ ಮಗು ಆ ಪುಸ್ತಕ ತೆರೆದು ತನ್ನ ಅಜ್ಜಿಯನ್ನು ಹುಡುಕಿದರೆ ಸಿಗುವುದಿಲ್ಲ. ಹತ್ತಿ ಬಿಡಿಸುವವರು ಉಡಿ ಹೇಗೆ ಕಟ್ಟುತ್ತಾರೆ, ತುಂಬಿದ ಮೇಲೆ ಆ ಉಡಿ ಯಾವ ಕಡೆ ಜೋಲುತ್ತದೆ, ನಡೆಯುವಾಗ ಬೆನ್ನು ಎಷ್ಟು ಹಿಂದಕ್ಕೆ ಬಾಗುತ್ತದೆ ಎಂಬುದನ್ನು ಹೊಲಕ್ಕೆ ಹೋದವರು ಮಾತ್ರ ಬಿಡಿಸಬಲ್ಲರು. ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ ಯಾವ ಜಾಗದಲ್ಲಿ ಕೂರುತ್ತದೆ, ಸುತ್ತಲೂ ಹೊಲಿಗೆ ಹೇಗೆ ಬರುತ್ತದೆ ಎಂಬುದೂ ಹಾಗೆಯೇ.

ಕ್ರಮ ಹೀಗಿರಲಿ: ಮೊದಲು ಸ್ಥಳದಲ್ಲಿ ಸ್ಕೆಚ್, ಆಮೇಲೆ ಬಣ್ಣ ಮತ್ತು ವಿವರದ ನೆನಪಿಗೆ ಒಂದೆರಡು ಫೋಟೋ. ಮೊದಲೇ ಫೋಟೋ ತೆಗೆದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ಮುಖದ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ತೋರಿಸಿಕೊಡಿ.

ವಿದ್ಯಾರ್ಥಿಯ ಚಿತ್ರವನ್ನು ತಿದ್ದುವುದು ಹೇಗೆ?

ಅವರ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಇಡಬೇಡಿ. ಒಮ್ಮೆ ನಿಮ್ಮ ಗೆರೆ ಬಿದ್ದರೆ ಆ ಚಿತ್ರ ಅವರದ್ದಾಗಿ ಉಳಿಯುವುದಿಲ್ಲ, ಮುಂದಿನ ಸಲ ನೀವು ಬಂದು ತಿದ್ದಲಿ ಅಂತ ಕಾಯುತ್ತ ಕೂರುತ್ತಾರೆ. ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಅದರ ಮೇಲೆ ತೋರಿಸಿ, ತೋರಿಸಿದ್ದನ್ನು ತೆಗೆದುಕೊಂಡು ಹೋಗಿ.

ಒಂದು ಉದಾಹರಣೆ. ಜೋಳದ ರೊಟ್ಟಿ ಬಡಿಯುವ ಕೈಯನ್ನು ಬಿಡಿಸಲು ಹೇಳಿದರೆ ಬಹುಪಾಲು ಹುಡುಗರು ಐದು ಬೆರಳನ್ನೂ ಒಂದೊಂದಾಗಿ, ಒಂದೇ ದಪ್ಪದಲ್ಲಿ, ಸಮ ಅಂತರದಲ್ಲಿ ಬಿಡಿಸಿರುತ್ತಾರೆ. ಟ್ರೇಸಿಂಗ್ ಮೇಲೆ ಮೊದಲು ಅಂಗೈಯನ್ನು ಒಂದು ಚಪ್ಪಟೆ ತುಂಡಾಗಿ ತೋರಿಸಿ. ನಾಲ್ಕು ಬೆರಳು ಸೇರಿ ಒಂದೇ ಆಕಾರ, ಹೆಬ್ಬೆರಳು ಬೇರೆ ಬುಡದಿಂದ ಹೊರಡುತ್ತದೆ. ಗೆಣ್ಣುಗಳನ್ನು ಸೇರಿಸಿದರೆ ನೇರ ಗೆರೆ ಬರುವುದಿಲ್ಲ, ಬಿಲ್ಲಿನಂತೆ ಬಾಗಿದ ಗೆರೆ ಬರುತ್ತದೆ. ಬಡಿಯುವಾಗ ಭಾರ ಬೀಳುವುದು ಬೆರಳ ತುದಿಗಲ್ಲ, ಅಂಗೈಗೆ ಮತ್ತು ಬೆರಳುಗಳ ಬುಡಕ್ಕೆ. ಹಾಗಾಗಿ ತುದಿಗಳು ಚೂರು ಮೇಲೆದ್ದಿರುತ್ತವೆ, ಮಣಿಕಟ್ಟು ರೊಟ್ಟಿಗಿಂತ ಎತ್ತರದಲ್ಲಿರುತ್ತದೆ, ಹಿಟ್ಟು ಗೆಣ್ಣಿನ ಸುಕ್ಕಿನಲ್ಲಿ ಬೆಳ್ಳಗೆ ಕೂತಿರುತ್ತದೆ. ಇಷ್ಟು ತೋರಿಸಿ ಹೊಸ ಹಾಳೆಯಲ್ಲಿ ಬಿಡಿಸಲು ಹೇಳಿ. ಹಳೆಯದನ್ನು ಅಳಿಸಲು ಬಿಡಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

ಒಂದು ಸಲಕ್ಕೆ ಒಂದೇ ತಪ್ಪು. ಪ್ರಮಾಣ ಕೆಟ್ಟಿದ್ದರೆ ನೆರಳಿನ ಬಗ್ಗೆ ಮಾತೇ ಬೇಡ.

ಒಂದು ಗಂಟೆಯ ಕ್ಲಾಸಿನಲ್ಲಿ ಏನು ಮಾಡಿಸಬಹುದು?

ಒಂದು ನಿಮಿಷದ ಹತ್ತು ಭಂಗಿ, ಐದು ನಿಮಿಷದ ನಾಲ್ಕು, ಇಪ್ಪತ್ತು ನಿಮಿಷದ ಒಂದು. ಒಟ್ಟು 50 ನಿಮಿಷ, ಉಳಿದ ಹತ್ತು ಗೋಡೆಗೆ ಅಂಟಿಸಿ ನೋಡಲು. ವಿದ್ಯಾರ್ಥಿಗಳೇ ಸರದಿಯಲ್ಲಿ ನಿಲ್ಲಲಿ, ಕೈಗೆ ಪೊರಕೆ, ಸಲಿಕೆ, ಬಿಂದಿಗೆ ಕೊಡಿ. ಒಂದು ನಿಮಿಷದ್ದಕ್ಕೆ 4ಬಿ ಪೆನ್ಸಿಲ್, ರಬ್ಬರ್ ನಿಷೇಧ. ತಲೆಯಿಂದ ಶುರು ಮಾಡುವವರನ್ನು ಬೆನ್ನುಮೂಳೆಯ ಗೆರೆಯಿಂದ ಶುರು ಮಾಡಿಸಿ, ಇಲ್ಲದಿದ್ದರೆ ಪಾದ ಹಾಳೆಯ ಹೊರಗೆ ಹೋಗುತ್ತದೆ.

ಕಿನ್ನಾಳ ಕಲೆಯನ್ನು ಪಾಠದಲ್ಲಿ ಸೇರಿಸುವುದು ಹೇಗೆ?

ನಕಲು ಮಾಡಿಸುವುದರಿಂದ ಏನೂ ಬರುವುದಿಲ್ಲ, ಕೆಲಸದ ಕ್ರಮ ನೋಡಿಸಿ. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಬಿಡಿಬಿಡಿಯಾಗಿ ಅಂಗಗಳನ್ನು ಕೆತ್ತಿ ಜೋಡಿಸುತ್ತಾರೆ. ನೆನೆಸಿ ಒಣಗಿಸಿದ ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ. ಒಡವೆ, ಅಂಚುಗಳನ್ನು ಕಲ್ಲಿನ ಪುಡಿ ಮತ್ತು ಗೋಂದಿನ ಮಿಶ್ರಣದಲ್ಲಿ ಉಬ್ಬಾಗಿ ಎಬ್ಬಿಸುತ್ತಾರೆ. ಅದರ ಮೇಲೆ ಬಿಳಿ ತಳ, ಅದರ ಮೇಲೆ ಬಣ್ಣ, ಕೊನೆಗೆ ಕಪ್ಪು ಗೆರೆ. ಈ ಕಲೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದ್ದರಿಂದ ಕ್ಲಾಸಿನಲ್ಲಿ ಮಾಡಿದ ಗೊಂಬೆಯನ್ನು ಕಿನ್ನಾಳದ್ದು ಅಂತ ಮಾರುವಂತಿಲ್ಲ.

ಇಲಸ್ಟ್ರೇಟರ್ ಇಲ್ಲಿ ಕಲಿಯಬೇಕಾದ್ದು ಬಿಳಿ ತಳದ ಮಹತ್ವ. ತಳ ಸರಿ ಇಲ್ಲದಿದ್ದರೆ ಮೇಲಿನ ಕೆಂಪು ಮಂಕಾಗುತ್ತದೆ. ಗ್ವಾಶ್ (ತಳ ಕಾಣದಷ್ಟು ದಟ್ಟ ಜಲವರ್ಣ), ಪೋಸ್ಟರ್ ಬಣ್ಣದಲ್ಲೂ ಇದೇ ನಿಯಮ. ಮತ್ತೆ ಗೆರೆ ಕೊನೆಗೆ ಬರಬೇಕು, ಒಂದೇ ಉಸಿರಿನಲ್ಲಿ, ಕಣ್ಣಿನ ಗೆರೆ ಎಲ್ಲಕ್ಕಿಂತ ಕೊನೆಗೆ.

32 ಪುಟದ ಮಕ್ಕಳ ಪುಸ್ತಕ ಸಿಕ್ಕಿದೆ. ಎಲ್ಲಿಂದ ಶುರು ಮಾಡಲಿ?

ಬಣ್ಣದಿಂದ ಅಲ್ಲ. ಎಂಟು ಎ4 ಹಾಳೆಗಳನ್ನು ಒಟ್ಟಿಗೆ ಮಡಚಿ, ನಡುವೆ ಎರಡು ಪಿನ್ ಹೊಡೆಯಿರಿ. 32 ಪುಟದ ಡಮ್ಮಿ, ಅಂದರೆ ಮಾದರಿ ಪುಸ್ತಕ, ಸಿದ್ಧ. ಶೀರ್ಷಿಕೆ, ಹಕ್ಕುಗಳ ಪುಟ, ಅರ್ಪಣೆ ಬಿಟ್ಟರೆ ಕಥೆಗೆ ಸಿಗುವುದು 12ರಿಂದ 14 ಜೋಡಿಪುಟ. ಕಥೆಯ ಪಠ್ಯವನ್ನು ಕತ್ತರಿಸಿ ಅದರಲ್ಲಿ ಅಂಟಿಸುತ್ತ ಹೋಗಿ. ಪುಟ ತಿರುಗಿಸುವ ಜಾಗದಲ್ಲಿ ಏನೋ ಬಾಕಿ ಉಳಿಯಬೇಕು. ಬಾಗಿಲು ಬಡಿದದ್ದು ಬಲಪುಟದಲ್ಲಿದ್ದರೆ, ಬಂದದ್ದು ಯಾರು ಎಂಬುದು ತಿರುಗಿಸಿದ ಮೇಲಿನ ಎಡಪುಟದಲ್ಲಿ.

ಆಮೇಲೆ 2×3 ಇಂಚಿನ ಚಿಕ್ಕ ಚೌಕಟ್ಟುಗಳಲ್ಲಿ (ಥಂಬ್‌ನೇಲ್) ಪ್ರತಿ ಜೋಡಿಪುಟಕ್ಕೆ ಮೂರು ಬೇರೆ ಸಂಯೋಜನೆ. ಮೊದಲು ಹೊಳೆದದ್ದು ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುವಂಥದ್ದು, ಮೂರನೆಯದರಲ್ಲಿ ಜೀವ ಇರುತ್ತದೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಂಟಿಸಿ ನೋಡಿದರೆ, ಸತತ ನಾಲ್ಕು ಪುಟ ಒಂದೇ ದೂರದಿಂದ ನೋಡಿದಂತೆ ಇರುವುದು ತಕ್ಷಣ ಕಾಣುತ್ತದೆ. ಪಾತ್ರಪಟ್ಟಿ ಮಾಡಿ: ಎದುರು, ಬದಿ, ಬೆನ್ನು, ಐದು ಭಾವ, ಜಡೆ ಯಾವ ಕಡೆ, ಅಂಗಿಗೆ ಎಷ್ಟು ಗುಂಡಿ. ಹನ್ನೊಂದನೇ ಪುಟದಲ್ಲಿ ಗುಂಡಿ ಮರೆತರೆ ಮಕ್ಕಳು ಹಿಡಿಯುತ್ತಾರೆ.

ಮೂಲಚಿತ್ರವನ್ನು ಅಚ್ಚಿನ ಅಳತೆಗಿಂತ ಕಾಲುಪಾಲು ದೊಡ್ಡದಾಗಿ ಬಿಡಿಸಿದರೆ ಕುಗ್ಗಿದಾಗ ಗೆರೆ ಬಿಗಿಯಾಗುತ್ತದೆ. ಪುಸ್ತಕದ ಅಳತೆಯನ್ನು ಮೊದಲೇ ಕೇಳಿ ಬರೆದುಕೊಳ್ಳಿ. 1/8 ಡೆಮಿ ಅಂದುಕೊಂಡು ಬಿಡಿಸಿದ್ದು ಕೊನೆಗೆ 1/4 ಕ್ರೌನ್ ಆದರೆ ಉದ್ದ ಅಗಲದ ಅನುಪಾತವೇ ಬೇರೆ. ಬೆನ್ನಿಗೆ ಅಂಟು ಹಾಕುವ ಬೈಂಡಿಂಗ್‌ನಲ್ಲಿ ನಡುವಿನ ಸಂದಿಯಲ್ಲಿ ಎರಡೂ ಕಡೆ 6ರಿಂದ 10 ಮಿಮೀ ಒಳಗೆ ಹೋಗುತ್ತದೆ. ಅಲ್ಲಿ ಮುಖ, ಕೈ, ಅಕ್ಷರ ಬೇಡ.

ಕನ್ನಡ ಪಠ್ಯಕ್ಕೆ ಜಾಗ ಹೆಚ್ಚು ಬೇಕು. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಕ್ಷರ ಎರಡು ಮೆಟ್ಟಿಲು ಕೆಳಗಿಳಿಯುತ್ತದೆ. 18 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 27-28 ಪಾಯಿಂಟ್ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಥಂಬ್‌ನೇಲ್ ಹಂತದಲ್ಲೇ ಪಠ್ಯದ ಪೆಟ್ಟಿಗೆ ಗುರುತಿಸಿ, ಅಲ್ಲಿ ಆಕಾಶ, ಗೋಡೆ, ನೆಲ, ಏನಾದರೂ ಸಪಾಟಾದದ್ದು ಬರಲಿ. ನಂತರ ಎಲೆಗಳ ಮೇಲೆ ಬಿಳಿ ಪೆಟ್ಟಿಗೆ ಹಚ್ಚಿದರೆ ನಿಮ್ಮ ವಾರದ ದುಡಿಮೆ ಅದರಡಿ ಹೂತುಹೋಗುತ್ತದೆ.

ಸ್ಕ್ಯಾನ್ ಮಾಡಿ ಕಳಿಸುವಾಗ ಏನು ನೋಡಿಕೊಳ್ಳಬೇಕು?

ಬಣ್ಣದ ಚಿತ್ರ ಅಚ್ಚಿನ ಅಳತೆಯಲ್ಲಿ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಅಂದರೆ ಎ4ಗೆ 2480×3508 ಪಿಕ್ಸೆಲ್. ಬರೀ ಕಪ್ಪು ಗೆರೆಗೆ 600 ಅಥವಾ 1200. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ. ಸುತ್ತ 3 ಮಿಮೀ ಬ್ಲೀಡ್ (ಕಟಿಂಗ್‌ನಲ್ಲಿ ಹೋಗುವ ಹೆಚ್ಚುವರಿ ಚಿತ್ರ) ಇರಲಿ. ಅಂಚಿನವರೆಗೆ ಬಣ್ಣ ಇದ್ದೂ ಬ್ಲೀಡ್ ಇಲ್ಲದಿದ್ದರೆ ಕಟಿಂಗ್ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಕಾಣುತ್ತದೆ.

ಪರದೆಯಲ್ಲಿ ಹೊಳೆಯುವ ನೀಲಿ, ಎಳೆ ಹಸಿರು, ಕಿತ್ತಳೆ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳ) ಅಚ್ಚಿನಲ್ಲಿ ಮಂಕಾಗುತ್ತವೆ. ಆ ಶಾಯಿಗಳಿಂದ ಅಷ್ಟು ಹೊಳಪು ಹುಟ್ಟಲಾರದು. ಕಳಿಸುವ ಮೊದಲೇ ಸಿಎಂವೈಕೆ ಪ್ರೀವ್ಯೂನಲ್ಲಿ ನೋಡಿ. ಅಕ್ಷರ, ಸಣ್ಣ ಕಪ್ಪು ಗೆರೆಗಳು ಕಪ್ಪು ಶಾಯಿಯೊಂದರಲ್ಲೇ ಇರಲಿ, ನಾಲ್ಕೂ ಶಾಯಿ ಸೇರಿದರೆ ಪ್ಲೇಟ್ ಚೂರು ಸರಿದರೂ ಗೆರೆಗೆ ಬಣ್ಣದ ನೆರಳು ಬರುತ್ತದೆ. ಸಂಡೂರು, ತೋರಣಗಲ್ಲು ಕಡೆ ಕೆಂಪು ದೂಳು ವಿಪರೀತ, ಸ್ಕ್ಯಾನರ್ ಗಾಜನ್ನು ಪ್ರತಿ ಚಿತ್ರಕ್ಕೂ ಒರೆಸಿ. ಕಾಗದದ ಮೇಲಿನ ದೂಳನ್ನು ಕೈಯಿಂದ ಸವರದೆ ಮೆತ್ತನೆ ಒಣ ಬ್ರಷ್‌ನಿಂದ ಕೊಡವಿ.

ಕನ್ನಡ ಅಕ್ಷರ ಹಳೆಯ ಆವೃತ್ತಿಯ ಫೋಟೋಶಾಪಿನಲ್ಲಿ ಒಡೆದು ಕಂಡರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಆನ್ ಮಾಡಿ, ಯೂನಿಕೋಡ್ ಫಾಂಟ್ ಬಳಸಿ.

ಎಷ್ಟು ಹಣ ಕೇಳಬೇಕು?

ಪುಟಕ್ಕೆ ಇಷ್ಟು ಅಂತ ಬಾಯಿಗೆ ಬಂದದ್ದು ಹೇಳಬೇಡಿ, ದಿನಗಳ ಲೆಕ್ಕ ಹಾಕಿ. ಉದಾಹರಣೆಗೆ ತಿಂಗಳಿಗೆ 30,000 ರೂಪಾಯಿ ಈ ಕೆಲಸದಿಂದ ಬರಬೇಕು, ಕ್ಲಾಸು ಬಿಟ್ಟು ಸಿಗುವುದು 15 ದಿನ ಎಂದರೆ ದಿನಕ್ಕೆ 2,000. 12 ಜೋಡಿಪುಟಕ್ಕೆ ಎರಡೆರಡು ದಿನದಂತೆ 24, ಡಮ್ಮಿ ಮತ್ತು ಪಾತ್ರಪಟ್ಟಿಗೆ 6, ತಿದ್ದುಪಡಿ ಮತ್ತು ಸ್ಕ್ಯಾನಿಗೆ 4. ಒಟ್ಟು 34 ದಿನ, 68,000 ರೂಪಾಯಿ, ಕಾಗದ ಬಣ್ಣದ ಖರ್ಚು ಬೇರೆ. ಪ್ರಕಾಶಕರ ಬಳಿ ಅಷ್ಟು ಇಲ್ಲದಿದ್ದರೆ ದರ ಇಳಿಸುವ ಬದಲು ಕೆಲಸ ಇಳಿಸಿ: ಕೆಲವು ಪುಟ ಎರಡೇ ಬಣ್ಣದಲ್ಲಿ, ಕೆಲವು ಬರೀ ಗೆರೆಯಲ್ಲಿ.

ಅರ್ಧ ಮುಂಗಡ, ಡಮ್ಮಿ ಒಪ್ಪಿದ ಮೇಲೆ ಕಾಲು, ಮೂಲಚಿತ್ರ ಕೊಟ್ಟಾಗ ಉಳಿದ ಕಾಲು. ಪೆನ್ಸಿಲ್ ಹಂತದಲ್ಲಿ ಎರಡು ಸುತ್ತು ತಿದ್ದುಪಡಿ ಉಚಿತ, ಬಣ್ಣ ಹಚ್ಚಿದ ಮೇಲಿನ ಬದಲಾವಣೆಗೆ ಬೇರೆ ಹಣ ಅಂತ ಮೊದಲೇ ಬರೆದುಕೊಳ್ಳಿ. ಪ್ಯಾನ್ ಕೊಡಿ, ಹಣ ಕೊಡುವಾಗ ಹಿಡಿದ ತೆರಿಗೆಯನ್ನು (ಟಿಡಿಎಸ್) ರಿಟರ್ನ್ ಸಲ್ಲಿಸಿ ಲೆಕ್ಕಕ್ಕೆ ತೆಗೆದುಕೊಳ್ಳಿ.

ಚಿತ್ರದ ಹಕ್ಕು ಯಾರದ್ದು?

ಎಲ್ಲರೂ ಎಡವುವುದು ಇಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಹಣ ಕೊಟ್ಟು ಒಬ್ಬರು ಹೇಳಿ ಬರೆಸಿದ ವರ್ಣಚಿತ್ರ, ಭಾವಚಿತ್ರಗಳಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ನೌಕರಿಯ ಭಾಗವಾಗಿ ಬಿಡಿಸಿದ್ದಕ್ಕೆ ಕೆಲಸ ಕೊಟ್ಟವರು ಹಕ್ಕುದಾರರು. ಕಾಲೇಜಿನ ಕೆಲಸವಾಗಿ ಬಿಡಿಸಿದ ಭಿತ್ತಿಚಿತ್ರ, ಪಠ್ಯಚಿತ್ರ ಇದರಲ್ಲಿ ಬರಬಹುದು. ಅದಕ್ಕೇ ಒಂದು ಪುಟದ ಒಪ್ಪಂದ ಕೆಲಸಕ್ಕೆ ಮೊದಲೇ ಬೇಕು.

ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು ಎನ್ನುತ್ತದೆ 19ನೇ ಕಲಂ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ಒಪ್ಪಂದದಲ್ಲಿ ಯಾವ ಭಾಷೆ, ಯಾವ ರೂಪ, ಎಷ್ಟು ವರ್ಷ ಎಂದು ಸ್ಪಷ್ಟವಾಗಿ ಬರೆಯಿರಿ. ಇ-ಪುಸ್ತಕ, ಅನುವಾದ, ಕ್ಯಾಲೆಂಡರ್, ಆಟಿಕೆಗಳಿಗೆ ಪ್ರತ್ಯೇಕ ಹಣ. ಮೂಲಚಿತ್ರದ ಹಾಳೆ ನಿಮಗೆ ಹಿಂದಿರುಗಬೇಕು ಎಂಬುದನ್ನೂ ಸೇರಿಸಿ. ಹಕ್ಕು ಮಾರಿದರೂ ಹೆಸರು ಹಾಕಿಸಿಕೊಳ್ಳುವ ಹಕ್ಕು 57ನೇ ಕಲಂ ಅಡಿ ನಿಮ್ಮಲ್ಲೇ ಉಳಿಯುತ್ತದೆ. ವಿದ್ಯಾರ್ಥಿ ನಿಮಗೆ ಸಹಾಯಕನಾಗಿ ಹಿನ್ನೆಲೆ ತುಂಬಿದ್ದರೆ ಅವನ ಹೆಸರೂ ಪುಸ್ತಕದಲ್ಲಿ ಬರಲಿ, ಹಣವೂ ಸಿಗಲಿ.

ಟ್ಯಾಬ್ಲೆಟ್ಟಿನಲ್ಲೇ ಕಲಿತರೆ ಸಾಲದೇ?

ಎರಡೂ ಬೇಕು. ಆದರೆ ಮೊದಲ ವರ್ಷ ಕಾಗದವೇ ಇರಲಿ. ಟ್ಯಾಬ್ಲೆಟ್ಟಿನಲ್ಲಿ ಗೆರೆಯನ್ನು ಹಿಂದಕ್ಕೆ ತೆಗೆಯಬಹುದಾದ್ದರಿಂದ ಗೆರೆ ಹಾಕುವ ಮೊದಲು ನೋಡುವ ಅಭ್ಯಾಸ ಬೆಳೆಯುವುದಿಲ್ಲ. ಪರದೆ ಹಿಗ್ಗಿಸಿ ಕಣ್ಣಿನ ರೆಪ್ಪೆ ಬಿಡಿಸುತ್ತ ಕೂತವರಿಗೆ ಇಡೀ ಮುಖ ಓರೆಯಾದದ್ದು ತಿಳಿಯುವುದಿಲ್ಲ.

ಪಿಯುಸಿ ಮುಗಿದಿದೆ. ಮುಂದೆ ಯಾವ ದಾರಿ?

ಶಾಲೆಯಲ್ಲೇ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಬರೆದಿದ್ದರೆ ಒಳ್ಳೆಯದು. ಪಿಯುಸಿ ನಂತರ ಬಿವಿಎ (ದೃಶ್ಯಕಲಾ ಪದವಿ) ನಾಲ್ಕು ವರ್ಷ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗವಿದೆ, ಹತ್ತಿರವೂ ಹೌದು. ಪ್ರವೇಶಕ್ಕೋ ಪ್ರಕಾಶಕರಿಗೋ ತೋರಿಸುವ ಪೋರ್ಟ್‌ಫೋಲಿಯೊದಲ್ಲಿ 12ರಿಂದ 15 ಚಿತ್ರ ಸಾಕು. ನಟರ, ದೇವರ ಫೋಟೋ ನೋಡಿ ತೀಡಿದ ಪೆನ್ಸಿಲ್ ಶೇಡಿಂಗ್ ಒಂದಕ್ಕಿಂತ ಹೆಚ್ಚು ಬೇಡ, ಅವು ತಾಳ್ಮೆಯನ್ನಷ್ಟೇ ತೋರಿಸುತ್ತವೆ. ಒಂದೇ ಪಾತ್ರ ಮೂರು ಬೇರೆ ಸನ್ನಿವೇಶದಲ್ಲಿ ಇರುವ ಸರಣಿ ಒಂದು, ಸ್ಥಳದಲ್ಲಿ ಬಿಡಿಸಿದ ಸ್ಕೆಚ್‌ಬುಕ್ಕಿನ ನಾಲ್ಕು ಪುಟ, ಕೈಗಳ ಒಂದು ಹಾಳೆ ಕಡ್ಡಾಯವಾಗಿ ಇರಲಿ.

ಮಣಿಕಟ್ಟು, ಕುತ್ತಿಗೆ ನೋವು ಬರುತ್ತದೆ.

ಸಪಾಟು ಮೇಜಿನ ಮೇಲೆ ಬಗ್ಗಿ ಬಿಡಿಸುವುದೇ ಮುಖ್ಯ ಕಾರಣ. ಇಂಕ್ ಮತ್ತು ಪೆನ್ಸಿಲ್‌ಗೆ ಬೋರ್ಡನ್ನು 20ರಿಂದ 30 ಡಿಗ್ರಿ ಓರೆ ಮಾಡಿ. ಉದ್ದ ಗೆರೆಯನ್ನು ಮಣಿಕಟ್ಟಿನಿಂದಲ್ಲ, ಭುಜದಿಂದ ಎಳೆಯಿರಿ. 40 ನಿಮಿಷಕ್ಕೊಮ್ಮೆ ಎದ್ದು ಚಿತ್ರವನ್ನು ದೂರದಿಂದ ನೋಡಿ ಬನ್ನಿ. ಬಲಗೈಯವರಿಗೆ ಬೆಳಕು ಎಡದಿಂದ, ಎಡಗೈಯವರಿಗೆ ಬಲದಿಂದ. ರಾತ್ರಿ ಕೆಲಸಕ್ಕೆ 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಂಕ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಬಳಸಿ. ಹಳದಿ ಬಲ್ಬಿನಡಿ ಆರಿಸಿದ ನೀಲಿ ಬೆಳಿಗ್ಗೆ ಬೇರೆಯೇ ಆಗಿರುತ್ತದೆ. ಜುಮುಗುಟ್ಟುವಿಕೆ ಎರಡು ವಾರ ದಾಟಿದರೆ ಕೈಪಟ್ಟಿ ಕಟ್ಟಿಕೊಂಡು ಮುಂದುವರಿಸದೆ ವೈದ್ಯರಿಗೆ ತೋರಿಸಿ.

ನನ್ನದೇ ಶೈಲಿ ಯಾವಾಗ ಬರುತ್ತದೆ?

ಶೈಲಿಯನ್ನು ಹುಡುಕಿಕೊಂಡು ಹೋದರೆ ಸಿಗುವುದು ಇನ್ನೊಬ್ಬರದು. ಆರು ತಿಂಗಳು ಒಂದೇ ವಿಷಯ ಹಿಡಿಯಿರಿ, ನಿಮ್ಮ ಓಣಿಯ ಕಟ್ಟೆ, ಎಮ್ಮೆ, ಬಸ್‌ಸ್ಟ್ಯಾಂಡು, ಯಾವುದಾದರೂ. ಕಣ್ಣಾರೆ ನೋಡಿಯೇ ಬಿಡಿಸಿ. ಪ್ರತಿ ತಿಂಗಳ ಕೊನೆಗೆ ಎಲ್ಲ ಹಾಳೆ ನೆಲಕ್ಕೆ ಹರಡಿ, ಮತ್ತೆ ಮತ್ತೆ ಬಂದ ಗೆರೆ, ಮತ್ತೆ ಮತ್ತೆ ಬಿಟ್ಟುಹೋದ ವಿವರ ಯಾವುದು ಎಂದು ಹಿಂಬದಿಯಲ್ಲಿ ದಿನಾಂಕದ ಜೊತೆ ಬರೆದಿಡಿ. ಮೇಷ್ಟ್ರಾದವರು ಈ ಹಾಳೆಗಳನ್ನು ವಿದ್ಯಾರ್ಥಿಯ ಜೊತೆ ಕೂತು ನೋಡಿ, ಯಾವುದು ಚೆನ್ನಾಗಿದೆ ಎಂದು ಹೇಳುವ ಮೊದಲು ಅವರಿಗೆ ಯಾವುದನ್ನು ಬಿಡಿಸುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ ಎಂದು ಕೇಳಿ.